ಲಗತ್ತು ಎಲ್ಲಿ ಕೆಟ್ಟಿತು?



ಕಾಲೇಜು ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ – ಇಂಥ ಎಷ್ಟೋ ಅರ್ಜಿಗಳು ಇಂದು ಜಾಲತಾಣದ ಮೂಲಕವೇ ಸಲ್ಲಿಕೆಯಾಗುತ್ತವೆ. ಅಂಕಪಟ್ಟಿಯನ್ನು ಲಗತ್ತಿಸಿ ಗುಂಡಿ ಒತ್ತಿದರೆ ‘ಕಳುಹಿಸಲಾಗಿದೆ’ ಎಂಬ ಉತ್ತರ ಪರದೆಯ ಮೇಲೆ ಮೂಡುತ್ತದೆ. ನೀವು ನಿಶ್ಚಿಂತರಾಗುತ್ತೀರಿ. ಆದರೆ ಕಚೇರಿಯವರು ಆ ಇ-ಮೇಲ್ ತೆರೆದು ನೋಡಿದರೆ ಅಂಕಪಟ್ಟಿ ಖಾಲಿ! ಕೊನೆಯ ದಿನಾಂಕ ಮೀರಿತೆಂದರೆ, ತಪ್ಪು ಯಾರದೇ ಇರಲಿ, ನಷ್ಟ ವಿದ್ಯಾರ್ಥಿಯದು. ನಿಮ್ಮಲ್ಲಿ ಕೆಲವರು ನಾಳೆ ಇಂಥ ತಂತ್ರಾಂಶಗಳನ್ನು ಬರೆಯುವವರು. ಆದ್ದರಿಂದ ಲಗತ್ತು ಎಲ್ಲಿ ಕೆಡುತ್ತದೆ, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಇಂದು ತಿಳಿಯೋಣ.

ಮೊದಲು ಒಂದು ಮೂಲ ಸಂಗತಿ. ಇ-ಮೇಲ್ ಹುಟ್ಟಿದ್ದು ಬರೀ ಬರಹವನ್ನು ಸಾಗಿಸಲು. 1982ರಲ್ಲಿ ಪ್ರಕಟವಾದ ಎಸ್‌ಎಂಟಿಪಿ ಎಂಬ ನಿಯಮಾವಳಿ 7 ಬಿಟ್‌ಗಳ ಆಸ್ಕಿ ಅಕ್ಷರಗಳನ್ನಷ್ಟೇ ಒಪ್ಪುತ್ತಿತ್ತು. ಚಿತ್ರಕ್ಕಾಗಲಿ ಧ್ವನಿಗಾಗಲಿ ಅಲ್ಲಿ ಎಡೆಯಿರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬ ತಜ್ಞರು ರೂಪಿಸಿದ ‘ಮೈಮ್’ ಎಂಬ ಪದ್ಧತಿ ಈ ಕೊರತೆಯನ್ನು ನೀಗಿತು. ಈ ಪದ್ಧತಿಯಲ್ಲಿ ಫೈಲನ್ನು ಅಕ್ಷರಗಳನ್ನಾಗಿ ಮಾರ್ಪಡಿಸಿ ಕಳುಹಿಸುತ್ತಾರೆ. ತಲುಪಿದ ಕಡೆ ಅದು ಮತ್ತೆ ಫೈಲಾಗುತ್ತದೆ.

ಈ ಮಾರ್ಪಾಡಿಗೆ ಸಾಮಾನ್ಯವಾಗಿ ಬಳಸುವ ವಿಧಾನ ‘ಬೇಸ್-64’. ಲೆಕ್ಕ ಸುಲಭ. ಫೈಲಿನ 3 ಬೈಟುಗಳೆಂದರೆ 24 ಬಿಟ್‌ಗಳು. ಅವನ್ನು ತಲಾ 6 ಬಿಟ್‌ಗಳಂತೆ 4 ಪಾಲು ಮಾಡಿ, ಒಂದೊಂದು ಪಾಲಿಗೂ ಒಂದು ಅಕ್ಷರ ಕೊಡುತ್ತಾರೆ. ಅಂದರೆ 3 ಬೈಟು ಇದ್ದದ್ದು 4 ಆಯಿತು. ಗಾತ್ರ ಮೂರನೆಯ ಒಂದು ಭಾಗದಷ್ಟು ಹಿಗ್ಗಿತು. 21 ಎಂಬಿ ಫೈಲು ದಾರಿಯಲ್ಲಿ 28 ಎಂಬಿ ಆಗುತ್ತದೆ. 25 ಎಂಬಿ ಮಿತಿಯಿರುವ ಸರ್ವರ್ ಅದನ್ನು ಹಿಂದಿರುಗಿಸಿದರೆ ಆಶ್ಚರ್ಯವೇನು?

ಇನ್ನು ದೋಷ ಪತ್ತೆಯ ವಿಚಾರ. ಲಗತ್ತಿನ ಪ್ರಯಾಣದಲ್ಲಿ ಮೂರು ಹಂತಗಳಿವೆ: ನಿಮ್ಮ ಬ್ರೌಸರ್‌ನಿಂದ ಜಾಲತಾಣದ ಸರ್ವರ್‌ಗೆ, ಅಲ್ಲಿಂದ ಮೇಲ್ ಸರ್ವರ್‌ಗೆ, ಕೊನೆಗೆ ಪಡೆಯುವವರ ಅಂಚೆಪೆಟ್ಟಿಗೆಗೆ. ಯಾವ ಹಂತದಲ್ಲಿ ಕೆಟ್ಟಿತೆಂದು ತಿಳಿಯಲು ಮೊದಲು ನೋಡಬೇಕಾದದ್ದು ಫೈಲಿನ ಗಾತ್ರ. ಕಳುಹಿಸಿದ್ದೆಷ್ಟು, ತಲುಪಿದ್ದೆಷ್ಟು ಎಂದು ಬೈಟುಗಳಲ್ಲಿ ಹೋಲಿಸಿ.

ಫೈಲೇ ಬಂದಿಲ್ಲವೆ? ಮೊದಲ ಹಂತವನ್ನು ಪರೀಕ್ಷಿಸಿ. ಅರ್ಜಿಯ ಪುಟದಲ್ಲಿ ‘ಮಲ್ಟಿಪಾರ್ಟ್ ಫಾರ್ಮ್-ಡೇಟಾ’ ಎಂಬ ಸೂಚನೆ ಇಲ್ಲದಿದ್ದರೆ ಬ್ರೌಸರ್ ಫೈಲಿನ ಹೆಸರನ್ನು ಮಾತ್ರ ಕಳುಹಿಸುತ್ತದೆ, ಒಳಗಿನದನ್ನಲ್ಲ. ಗಾತ್ರದ ಮಿತಿಯೂ ಕಾರಣವಾಗಬಹುದು. ಪಿಎಚ್‌ಪಿ ಭಾಷೆಯಲ್ಲಿ, ನಾವಾಗಿ ಬದಲಿಸದಿದ್ದರೆ, ಒಂದು ಫೈಲಿಗೆ ಇರುವ ಮಿತಿ 2 ಎಂಬಿ ಮಾತ್ರ.

ಫೈಲು ಬಂದಿದೆ, ಆದರೆ ಗಾತ್ರ ಸೊನ್ನೆಯೆ? ಪ್ರೋಗ್ರಾಮು ಫೈಲನ್ನು ತಪಾಸಣೆಗೆಂದು ಒಮ್ಮೆ ಕೊನೆಯವರೆಗೂ ಓದಿ, ಮೊದಲಿಗೆ ಮರಳದೆ ಮತ್ತೆ ಓದಲು ಹೊರಟಿರಬಹುದು. ಕೊನೆಯ ಪುಟದ ಆಚೆ ಓದಲು ಏನಿರುತ್ತದೆ? ಇನ್ನೊಂದು ಕಾರಣವೂ ಉಂಟು. ಸರ್ವರ್‌ಗೆ ಬಂದ ಫೈಲು ಮೊದಲು ತಾತ್ಕಾಲಿಕ ಜಾಗದಲ್ಲಿರುತ್ತದೆ. ಕೆಲಸ ಮುಗಿದೊಡನೆ ಅಳಿಸಿಹೋಗಬಹುದು. ಮೇಲ್ ಅನ್ನು ತಡವಾಗಿ ಕಳುಹಿಸುವ ಏರ್ಪಾಡಿದ್ದರೆ, ಅಷ್ಟರಲ್ಲಿ ಫೈಲೇ ಇರುವುದಿಲ್ಲ. ಅದನ್ನು ಮೊದಲೇ ಭದ್ರವಾದ ಜಾಗಕ್ಕೆ ಸಾಗಿಸಿಕೊಳ್ಳಬೇಕು.

ಗಾತ್ರ ಮೂರನೆಯ ಒಂದು ಭಾಗದಷ್ಟು ಹೆಚ್ಚಿದೆಯೆ? ಈಗ ನೀವೇ ಹೇಳಬಲ್ಲಿರಿ. ಬೇಸ್-64 ಅಕ್ಷರಗಳು ಮತ್ತೆ ಫೈಲಾಗಿಲ್ಲ. ಎನ್‌ಕೋಡಿಂಗ್ ಯಾವುದೆಂದು ತಿಳಿಸುವ ಸಾಲು ತಪ್ಪಿರಬೇಕು, ಇಲ್ಲವೆ ಮಾರ್ಪಾಡು ಎರಡು ಬಾರಿ ನಡೆದಿರಬೇಕು.

ಗಾತ್ರ ಸರಿಯಾಗಿದ್ದೂ ತೆರೆಯುತ್ತಿಲ್ಲವೆ? ಹೆಸರು, ವಿಸ್ತರಣೆ, ಫೈಲಿನ ಬಗೆ – ಇವನ್ನು ನೋಡಿ. ನಾವು ಕನ್ನಡಿಗರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ‘ಅಂಕಪಟ್ಟಿ’ ಎಂಬ ಪದದಲ್ಲಿ ಯೂನಿಕೋಡ್ ಪ್ರಕಾರ 8 ಸಂಕೇತಗಳಿವೆ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 24 ಬೈಟು. ಮೇಲ್‌ನ ತಲೆಬರಹದ ಸಾಲುಗಳಿಗೆ ಮೂಲದಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ತಿಳಿದಿತ್ತು. ಬೇರೆ ಲಿಪಿಯ ಫೈಲು-ಹೆಸರುಗಳಿಗೆ 1997ರಲ್ಲಿ ನಿಯಮ ಬಂದಿದೆ. ಪ್ರೋಗ್ರಾಮು ಅದನ್ನು ಪಾಲಿಸದಿದ್ದರೆ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡುತ್ತದೆ. ಕನ್ನಡದ ಹೆಸರಿಟ್ಟು ಪರೀಕ್ಷಿಸದ ತಂತ್ರಾಂಶ ಕನ್ನಡಿಗರಿಗೆ ಸಿದ್ಧವಾಗಿಲ್ಲವೆಂದೇ ಅರ್ಥ.

ಕೆಲವೊಮ್ಮೆ ಲಗತ್ತನ್ನು ಸರ್ವರ್ ಬೇಕೆಂದೇ ತಡೆಯುತ್ತದೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಹೆಸರಿನ ಇ-ಮೇಲ್ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕಾಡಿತು. ಪತ್ರದಂತೆ ಕಂಡ ಅದರ ಲಗತ್ತು ನಿಜಕ್ಕೂ ಒಂದು ಪ್ರೋಗ್ರಾಮು. ಆದ್ದರಿಂದ ಆ ಕಾವಲನ್ನು ತಪ್ಪಿಸುವ ಉಪಾಯ ಹುಡುಕಬೇಡಿ. ಪಿಡಿಎಫ್‌ನಂತಹ ಒಪ್ಪಿತ ಬಗೆಯಲ್ಲೇ ಕಳುಹಿಸಿ.

ಕೊನೆಯದಾಗಿ, ‘ಕಳುಹಿಸಲಾಗಿದೆ’ ಎಂಬ ಮಾತಿನ ಅರ್ಥವೇನು? ಬಹುಪಾಲು ‘ಮುಂದಿನ ಸರ್ವರ್‌ಗೆ ಒಪ್ಪಿಸಿದ್ದೇವೆ’ ಎಂದಷ್ಟೇ. ‘ತಲುಪಿದೆ’ ಎಂಬುದು ಬೇರೆಯೇ ಮಾತು. ಅರ್ಜಿ ಸಲ್ಲಿಸುವವರಾದರೆ ಒಂದು ಪ್ರತಿ ನಿಮಗೂ ಬರುವಂತೆ ಮಾಡಿಕೊಂಡು, ತೆರೆದು ನೋಡಿ. ಕೊನೆಯ ದಿನಕ್ಕೆ ಕಾಯಬೇಡಿ. ತಂತ್ರಾಂಶ ಬರೆಯುವವರಾದರೆ ಪ್ರತಿ ಹಂತದಲ್ಲೂ ಫೈಲಿನ ಗಾತ್ರವನ್ನು ದಾಖಲಿಸಿಡಿ, ಮತ್ತು ಖಾಲಿ ಲಗತ್ತನ್ನು ಸದ್ದಿಲ್ಲದೆ ಮುಂದಕ್ಕೆ ಸಾಗಿಸಬೇಡಿ. ಆ ಫೈಲಿನ ಹಿಂದೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷವಿರುತ್ತದೆ ಎಂಬುದು ನೆನಪಿರಲಿ.