ಹುಸಿನೊಣ ಕಟ್ಟುವವರ ಸಲಕರಣೆ

ಗಾಳ ಹಾಕಿ ಮೀನು ಹಿಡಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಚುಚ್ಚಿ ಕೆರೆಯ ಏರಿಯ ಮೇಲೆ ಕುಳಿತು ಕಾಯುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಳುವನ್ನು ಚುಚ್ಚದೆ, ಹುಳುವಿನಂತೆ ಕಾಣುವ ವಸ್ತುವನ್ನು ತಾನೇ ಕಟ್ಟಿ ಮೀನನ್ನು ಮರುಳು ಮಾಡುವ ಇನ್ನೊಂದು ವಿದ್ಯೆಯುಂಟು. ಗರಿ, ಉಣ್ಣೆ, ರೇಷ್ಮೆಯ ನೂಲು ಇವನ್ನು ಕೊಕ್ಕೆಯ ಮೇಲೆ ಸುತ್ತಿ ನೊಣದ ರೂಪವನ್ನೋ ಮರಿಮೀನಿನ ರೂಪವನ್ನೋ ಬರಿಸಿದರೆ ಅದು ಹುಸಿನೊಣ. ಇಂಗ್ಲಿಷಿನವರು ಅದನ್ನು ಫ್ಲೈ ಎನ್ನುತ್ತಾರೆ. ಕೊಕ್ಕೆಯ ಕಣ್ಣಿನ ಬಳಿ ಲೋಹದ ತಲೆಯೊಂದನ್ನು ಕೂಡಿಸಿ, ಅದು ನೀರಿನಲ್ಲಿ ಮುಳುಗಿ ಕುಣಿಯುವಂತೆ ಮಾಡಿದರೆ ಅದಕ್ಕೆ ಜಿಗ್ ಎಂದು ಹೆಸರು.

ಇದೇನೂ ಹೊಸ ವಿದ್ಯೆಯಲ್ಲ. ಸುಮಾರು 1800 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದಲ್ಲಿದ್ದ ಈಲಿಯನ್ ಎಂಬ ಗ್ರಂಥಕರ್ತನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಬಳಿಯ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನಮ್ಮ ನಾಡಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಮದರಾಸು ಸರ್ಕಾರದ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ.

ಈಗ ಈ ಹವ್ಯಾಸವನ್ನು ಹಿಡಿಯಬೇಕೆನ್ನುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೇನು? ಹತ್ತು ಹನ್ನೆರಡು ಸಲಕರಣೆಗಳು ಒಟ್ಟಿಗೇ ಬರುವ ಒಂದು ಪೆಟ್ಟಿಗೆಯನ್ನು ತರಿಸುತ್ತಾರೆ. ನೋಡಲು ಅಂದವಾಗಿರುತ್ತದೆ, ಬೆಲೆಯೂ ಕಡಿಮೆ. ಕಟ್ಟಲು ಕುಳಿತಾಗ ಕೊಕ್ಕೆ ಜಾರುತ್ತದೆ, ನೂಲು ಹರಿಯುತ್ತದೆ, ಕತ್ತರಿಯು ಗರಿಯನ್ನು ಕತ್ತರಿಸದೆ ಜಗಿಯುತ್ತದೆ. ನಾಲ್ಕು ಸಂಜೆ ಹೀಗಾದ ಮೇಲೆ ಆತ 'ನನ್ನ ಕೈಗೆ ಈ ನಾಜೂಕು ಇಲ್ಲ' ಎಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕುತ್ತಾನೆ. ಕೈಯಲ್ಲಿ ದೋಷವಿರಲಿಲ್ಲ, ಹತ್ಯಾರಿನಲ್ಲಿ ಇತ್ತು. ಹೊಸಬನಿಗೆ ಇವೆರಡನ್ನು ಬೇರ್ಪಡಿಸಿ ನೋಡುವ ಅನುಭವವಿರುವುದಿಲ್ಲ. ಕೆಟ್ಟ ಹತ್ಯಾರಿನಿಂದ ಹಣಕ್ಕಿಂತ ಹೆಚ್ಚಾಗಿ ನಷ್ಟವಾಗುವುದು ಕಲಿಯುವವನ ಧೈರ್ಯ.

ಹಾಗೆಂದು ದುಬಾರಿಯದನ್ನೇ ಕೊಳ್ಳಬೇಕೆಂದು ಅರ್ಥವಲ್ಲ. ಕೊಕ್ಕೆಯನ್ನು ಹಿಡಿಯುವುದು, ನೂಲನ್ನು ನಡೆಸುವುದು, ಕತ್ತರಿಸುವುದು, ಈ ಮೂರು ಕೆಲಸದ ಹತ್ಯಾರುಗಳನ್ನು ಮಾತ್ರ ನೋಡಿ ಕೊಳ್ಳಬೇಕು. ಉಳಿದವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಿಮ್ಮ ಬಳಿ ನೂರು ರೂಪಾಯಿ ಇದೆಯೆಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಅರವತ್ತನ್ನು ಕೊಕ್ಕೆ ಹಿಡಿಯುವ ವೈಸಿಗೆ, ಇಪ್ಪತ್ತನ್ನು ಕತ್ತರಿಗೆ, ಹದಿನೈದನ್ನು ನೂಲಿನ ರೀಲು ಹಿಡಿಯುವ ಬಾಬಿನ್ ಹೋಲ್ಡರಿಗೆ ತೆಗೆದಿಡಿ. ಮಿಕ್ಕ ಐದರಲ್ಲಿ ಉಳಿದುದೆಲ್ಲ ಆಗಬೇಕು; ಆಗುತ್ತದೆ ಕೂಡ.

ಮೊದಲು ವೈಸಿನ ವಿಚಾರ. ಅಮೆರಿಕದ ಪ್ರಸಿದ್ಧ ಗಾಳಗಾರ ಲೀ ವುಲ್ಫ್ ಅವರು ವೈಸೇ ಇಲ್ಲದೆ ಬೆರಳುಗಳ ನಡುವೆ ಕೊಕ್ಕೆ ಹಿಡಿದು ಅತಿ ಸಣ್ಣ ನೊಣಗಳನ್ನೂ ಕಟ್ಟುತ್ತಿದ್ದರು. ಅದು ಅವರಿಗೆ ಸರಿ. ನಮಗೆ ಎರಡು ಕೈಯೂ ಬಿಡುವಾಗಿರಬೇಕು. ಆದ್ದರಿಂದ ವೈಸು ಬೇಕು. ಅದರ ಜೀವವಿರುವುದು ದವಡೆಯಲ್ಲಿ. ಹದಗೊಳಿಸಿದ ಉಕ್ಕಿನ ದವಡೆಯಾದರೆ ಕೊಕ್ಕೆಯನ್ನು ಕಚ್ಚಿ ಹಿಡಿಯುತ್ತದೆ. ಮೆತು ಲೋಹದ್ದಾದರೆ ಕೊಕ್ಕೆಯೇ ದವಡೆಯಲ್ಲಿ ಗೀರು ಮಾಡುತ್ತದೆ, ಆಮೇಲೆ ಏನೂ ನಿಲ್ಲುವುದಿಲ್ಲ. ಕೊಳ್ಳುವಾಗ 6ನೆಯ ಅಳತೆಯ ಒಂದು ಕೊಕ್ಕೆ, 14ನೆಯ ಅಳತೆಯ ಒಂದು ಕೊಕ್ಕೆ ಜೇಬಿನಲ್ಲಿರಲಿ. ಕೊಕ್ಕೆಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದು ಎಂಬುದನ್ನು ಮರೆಯಬೇಡಿ. ಕೊಕ್ಕೆಯ ಬಾಗನ್ನು ದವಡೆಗೆ ಕೊಟ್ಟು ಬಿಗಿಸಿ, ಅದರ ಕಣ್ಣನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಿಡಿ. ಕೊಕ್ಕೆ ತಂತಿಯಂತೆ ಚಿಮ್ಮಿ ಮೊದಲಿನ ಜಾಗಕ್ಕೆ ಬಂದರೆ ಒಳ್ಳೆಯದು. ಜಾರಿ ತಿರುಗಿದರೆ ಆ ವೈಸು ಬೇಡ. ಅಂತರ್ಜಾಲದ ಅಂಗಡಿಯಿಂದ ತರಿಸಿಕೊಳ್ಳುವವರು ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ ಮುಗಿಸಬೇಕು.

ಪರದೇಶದ ಅಂಗಡಿಗಳಲ್ಲಿ ಅಗ್ಗವಾಗಿ ಮಾರುವ ವೈಸುಗಳಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾದವು. ಅವುಗಳಲ್ಲಿ ಒಳ್ಳೆಯವೂ ಇವೆ, ಜೊಳ್ಳೂ ಇವೆ. ಹೆಸರು ನೋಡಿ ಕೊಳ್ಳುವುದಕ್ಕಿಂತ ಕೊಕ್ಕೆ ಹಾಕಿ ನೋಡಿ ಕೊಳ್ಳುವುದು ಲೇಸು. ಗಿರಗಿರನೆ ತಿರುಗುವ ವೈಸಿಗೆ ಹೆಚ್ಚು ಹಣ ಕೊಡಬೇಡಿ. ಮೊದಲ ಇನ್ನೂರು ನೊಣ ಕಟ್ಟುವ ತನಕ ಅದರ ಅಗತ್ಯ ಬೀಳದು. ಮೇಜಿನ ಅಂಚಿಗೆ ಬಿಗಿಯುವ ಹಿಡಿಕೆಯುಳ್ಳದ್ದು ಅಗ್ಗ; ಆದರೆ ನಿಮ್ಮ ಮೇಜಿನ ಹಲಗೆ ಎಷ್ಟು ದಪ್ಪವೆಂದು ಮೊದಲೇ ಅಳೆದುಕೊಳ್ಳಿ.

ಇನ್ನು ಕತ್ತರಿ. ಇದಕ್ಕಾಗಿ ಮೀನುಗಾರಿಕೆಯ ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಸ್ಪತ್ರೆಯ ಬೀದಿಯಲ್ಲಿರುವ ಸರ್ಜಿಕಲ್ ಅಂಗಡಿಗೆ ಹೋಗಿ 'ಐರಿಸ್ ಕತ್ತರಿ' ಎಂದು ಕೇಳಿ. ನಾಲ್ಕೂವರೆ ಅಂಗುಲ ಉದ್ದದ, ಮೊನೆ ಸಪುರವಾದ ಕತ್ತರಿ ಅದು. ಕೊಳ್ಳುವಾಗ ಒಂದೇ ಒಂದು ಎಳೆ ನೂಲನ್ನು ಕತ್ತರಿಯ ತುದಿಯಿಂದ ಕತ್ತರಿಸಿ ನೋಡಿ; ನೂಲು ಅಲಗುಗಳ ನಡುವೆ ಮಡಿಸಿಕೊಂಡರೆ ಬೇರೊಂದನ್ನು ತೆಗೆಸಿ. ಹೆಬ್ಬೆರಳು ಉಂಗುರದಲ್ಲಿ ಸಲೀಸಾಗಿ ಹೋಗಬೇಕು. ಮನೆಗೆ ತಂದ ಮೇಲೆ ಆ ಕತ್ತರಿಯಿಂದ ಗರಿ ಮತ್ತು ನೂಲನ್ನಲ್ಲದೆ ಬೇರೇನನ್ನೂ ಕತ್ತರಿಸಬಾರದು. ಜರಿಗೆ, ತಂತಿಗೆ ಹಳೆಯ ಕತ್ತರಿಯೊಂದು ಬೇರೆ ಇರಲಿ. ಮಕ್ಕಳು ಕಾಗದ ಕತ್ತರಿಸಲು ಅದನ್ನು ಒಯ್ಯದಂತೆ ಕಾಪಾಡುವುದು ಗೃಹಸ್ಥರ ಜಾಣತನಕ್ಕೆ ಬಿಟ್ಟ ವಿಷಯ.

ಮೂರನೆಯದು ಬಾಬಿನ್ ಹೋಲ್ಡರು. ಎರಡು ಕಾಲುಗಳ ನಡುವೆ ನೂಲಿನ ರೀಲು, ಮುಂದೆ ಒಂದು ಸಣ್ಣ ಕೊಳವೆ. ನೂಲು ಆ ಕೊಳವೆಯಿಂದ ಹೊರಬರುತ್ತದೆ. ನೂಲು ಪದೇ ಪದೇ ಹರಿಯುವುದಕ್ಕೆ ಕಾರಣ ಹೆಚ್ಚಾಗಿ ಆ ಕೊಳವೆಯ ಬಾಯಿ ಒರಟಾಗಿರುವುದು. ಹತ್ತಿಯ ಎಳೆಯೊಂದನ್ನು ಬಾಯಿಯ ಸುತ್ತ ಉಜ್ಜಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅದು ನಿಮ್ಮ ನೂಲನ್ನೂ ಕತ್ತರಿಸುತ್ತದೆ. ಕೊಳವೆಯ ತುದಿಗೆ ಪಿಂಗಾಣಿ ಕೂಡಿಸಿದ್ದಕ್ಕೆ ಸ್ವಲ್ಪ ಹೆಚ್ಚು ಬೆಲೆಯಾದರೂ ಕೊಡಬಹುದು. ನೂಲು ಎಳೆದಾಗ ರೀಲು ಹರಿದಾಡಬಾರದು, ಬಿಗಿದುಕೊಂಡೂ ಇರಬಾರದು. ಕಾಲುಗಳನ್ನು ಕೈಯಿಂದಲೇ ತುಸು ಅಗಲಿಸಿ ಅಥವಾ ಒತ್ತಿ ಹದ ಮಾಡಿಕೊಳ್ಳಬೇಕು.

ಉಳಿದುದೆಲ್ಲ ಮನೆಯ ಸಾಮಾನು. ಗಂಟಿಗೆ ಅಂಟು ಮುಟ್ಟಿಸಲು, ಸಿಕ್ಕಿಕೊಂಡ ಗರಿಯ ಎಳೆ ಬಿಡಿಸಲು ಪೆನ್ಸಿಲಿನ ತುದಿಗೆ ನೆಟ್ಟ ಹೊಲಿಗೆಯ ಸೂಜಿ ಸಾಕು. ಗರಿಯ ತುದಿ ಹಿಡಿದು ಸುತ್ತಲು ಎಲೆಕ್ಟ್ರಿಕ್ ಅಂಗಡಿಯ ಕ್ರೊಕೊಡೈಲ್ ಕ್ಲಿಪ್ಪು ಆಗುತ್ತದೆ. ಅದರ ಹಲ್ಲು ಗರಿಯನ್ನು ಕಡಿಯದಂತೆ ಸೈಕಲ್ಲಿನ ವಾಲ್‌ಟ್ಯೂಬಿನ ತುಂಡು ತೊಡಿಸಿ. ಕೊಳವೆಯಲ್ಲಿ ನೂಲು ಪೋಣಿಸಲು ಸಣ್ಣ ತಂತಿಯೊಂದನ್ನು ಮಡಿಸಿಕೊಳ್ಳಿ. ತಲೆಯ ಕಡೆಯ ಗಂಟು ಹಾಕಲು ಬರಿದಾದ ಬಾಲ್‌ಪೆನ್ನಿನ ಕೊಳವೆ ಸಾಕು. ಗಂಟಿನ ಮೇಲೆ ಹಚ್ಚಲು ಬಣ್ಣವಿಲ್ಲದ ಉಗುರುಬಣ್ಣ ಬೇಕು; ಅದನ್ನು ಮನೆಯವರನ್ನು ಕೇಳಿ ತೆಗೆದುಕೊಳ್ಳುವುದು ಕ್ಷೇಮ. ಮೈಗೆ ಹೊಳಪು ಬೇಕಾದರೆ ಹಳೆಯ ಸೀರೆಯ ಅಂಚಿನ ಜರಿಯಿದೆ. ಗರಿ ಬೇಕಾದರೆ ನಾಟಿ ಹುಂಜದ ಕೊರಳಿನದು. ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆಯೊಡನೆ ಡಬ್ಬಿಯಲ್ಲಿಡಿ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದು ಗರಿಯದು. ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಕೊರಳಿನಲ್ಲಿ ಅರಗು ಹಚ್ಚಿದಂತೆ ಹೊಳೆಯುವ ಚುಕ್ಕೆಯ ಗರಿಗಳಿವೆ. ವಿಲಾಯತಿಯ ಸಾಲ್ಮನ್ ಮೀನಿನ ನೊಣಗಳಿಗೆ ಅವು ಬೇಕೆಂದು ಒಂದು ಕಾಲದಲ್ಲಿ ಈ ಹಕ್ಕಿಗಳನ್ನು ಬಹಳವಾಗಿ ಕೊಂದರು. ಇಂದು ಅದು ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ. ಯಾರಾದರೂ ಆ ಗರಿಯನ್ನು ಮಾರಲು ಬಂದರೆ ಕೊಳ್ಳಬೇಡಿ. ಊರಹುಂಜದ ಗರಿಗೂ ಮೀನು ಬೀಳುತ್ತದೆ.

ಎರಡನೆಯದು ಸೀಸದ್ದು. ಜಿಗ್ಗಿನ ತಲೆಯನ್ನು ಸೀಸದಿಂದ ಎರಕ ಹೊಯ್ಯುವುದು ರೂಢಿ. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕರಗುವುದರಿಂದ ಅಡಿಗೆಮನೆಯ ಒಲೆಯ ಮೇಲೆ ಹಳೆಯ ಸೌಟಿನಲ್ಲಿ ಕರಗಿಸಬಹುದೆಂಬ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. ಸೀಸದ ಹೊಗೆ ಮತ್ತು ಧೂಳು ಮಕ್ಕಳ ಮೆದುಳಿಗೆ ಕೇಡು. ಮಕ್ಕಳ ರಕ್ತದಲ್ಲಿ ಸೀಸವು ಇಂತಿಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರಿಗೆ ಬಿದ್ದ ಸೀಸವನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು 1987ರಲ್ಲಿ ನಿಷೇಧಿಸಿದರು. ಸೀಸದ ಬದಲು ಮಣಿಯಂಗಡಿಯ ಹಿತ್ತಾಳೆ ಮಣಿಯನ್ನು ಕೊಕ್ಕೆಗೆ ಪೋಣಿಸಿ. ಒಂದು ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ ತೂಗಿದರೆ ಹಿತ್ತಾಳೆ ಸುಮಾರು 8.5 ಗ್ರಾಂ ತೂಗುತ್ತದೆ. ಹಗುರವೆನಿಸಿದರೆ ಎರಡು ಮಣಿ ಹಾಕಿ. ಕೆರೆಯ ನೀರಿಗೆ ಅಷ್ಟು ಭಾರ ಸಾಕು. ಟಂಗ್‌ಸ್ಟನ್ ಮಣಿ ಸೀಸಕ್ಕಿಂತ ಭಾರ, ಆದರೆ ಬೆಲೆಯೂ ಭಾರ.

ಹತ್ಯಾರು ಕಡಿಮೆಯಾದರೆ ಕೆಲಸ ಹಿಂದೆ ಬಿದ್ದೀತೆಂದು ಯಾರೂ ಅಂಜಬೇಕಾಗಿಲ್ಲ. ಸ್ಕಾಟ್ಲೆಂಡಿನ ಬ್ರೋರಾ ಎಂಬ ಊರಿನ ಬಳಿ ಮೇಗನ್ ಬಾಯ್ಡ್ ಎಂಬ ಹೆಂಗಸು, ವಿದ್ಯುದ್ದೀಪವಿಲ್ಲದ ಪುಟ್ಟ ಮನೆಯಲ್ಲಿ ವಾಸಿಸುತ್ತ ದಶಕಗಳ ಕಾಲ ಸಾಲ್ಮನ್ ನೊಣಗಳನ್ನು ಕಟ್ಟಿದರು. ಅವರ ಕೈಯ ನೊಣಕ್ಕಾಗಿ ದೂರದೂರದವರು ಕಾದಿರುತ್ತಿದ್ದರು. 1971ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಪದಕ ಕೊಟ್ಟಿತು. ವಿಶೇಷವೆಂದರೆ, ಮೀನನ್ನು ಕೊಲ್ಲಲು ಮನಸ್ಸು ಬಾರದೆ ಅವರು ತಾವಾಗಿ ಗಾಳ ಹಾಕಿದವರಲ್ಲ. ಕಟ್ಟುವ ಕೆಲಸವೇ ಅವರಿಗೆ ಸಂತೋಷವಾಗಿತ್ತು.

ಆದುದರಿಂದ ಮೊದಲು ಮೂರು ಹತ್ಯಾರುಗಳನ್ನು ಪರೀಕ್ಷಿಸಿ ಕೊಳ್ಳಿ. 8ನೆಯ ಅಳತೆಯ ಕೊಕ್ಕೆಗಳನ್ನು ಒಂದು ಡಜನ್ ತನ್ನಿ. ಮನೆಯಲ್ಲಿ ಚಿಕ್ಕವರಿದ್ದರೆ ಅವುಗಳ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಕಿಟಕಿಯ ಬಳಿ ಕುಳಿತು ಹನ್ನೆರಡನ್ನೂ ಒಂದೇ ಮಾದರಿಯಲ್ಲಿ ಕಟ್ಟಿ: ಕೆಂಪು ಉಣ್ಣೆಯ ಮೈ, ಹುಂಜದ ಗರಿಯ ಕೊರಳು, ಅಷ್ಟೇ. ಹನ್ನೆರಡನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಕೈ ಎಷ್ಟು ಪಳಗಿತೆಂಬುದು ತಾನೇ ಗೊತ್ತಾಗುತ್ತದೆ. ಆಮೇಲೆ, ಅಭಯಾರಣ್ಯದ ನೀರನ್ನು ಬಿಟ್ಟು, ಗಾಳ ಹಾಕಲು ಅನುಮತಿಯಿರುವ ಕೆರೆಯೊಂದನ್ನು ವಿಚಾರಿಸಿಕೊಂಡು ಹೊರಡಿ. ಮೀನು ಬೀಳುವುದು ಬಿಡುವುದು ಆ ದಿನದ ಅದೃಷ್ಟ.