ಗಾಂಜಾ ಎಂದು ಬರೆದವರು ಯಾರು?

ಒಬ್ಬನಿಗೆ ಬುದ್ಧಿ ಕೆಟ್ಟಿದೆ ಎಂದು ಬರೆಯುವವರು ಯಾರು, ಬರೆದದ್ದನ್ನು ಓದುವವರು ಯಾರು? ಮಾನಸಿಕ ಆಸ್ಪತ್ರೆಯ ದಾಖಲೆಗಳ ಚರಿತ್ರೆಯನ್ನು ಈ ಎರಡು ಪ್ರಶ್ನೆ ಹಿಡಿದೇ ಹೇಳಬಹುದು.

ಬ್ರಿಟಿಷ್ ಭಾರತದಲ್ಲಿ 1858ರ ಕಾಯಿದೆಯಂತೆ, ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ತರಬೇಕಿತ್ತು. ಹೆಸರು, ಊರು, ಹುಚ್ಚಿಗೆ ಕಾರಣ ಇವೆಲ್ಲ ಇದ್ದ ಒಂದು ವಿವರಪಟ್ಟಿ ಆ ಮನುಷ್ಯನ ಜೊತೆಗೇ ಆಸ್ಪತ್ರೆಗೆ ಹೋಗುತ್ತಿತ್ತು. ಪಾಪ, ದಿಕ್ಕಿಲ್ಲದ ಬೈರಾಗಿಯ ಹುಚ್ಚಿಗೆ ಕಾರಣ ಏನೆಂದು ಪೊಲೀಸಿನವನಿಗೆ ಹೇಗೆ ಗೊತ್ತಾಗಬೇಕು? ಗಾಂಜಾ ಸೇದುತ್ತಿದ್ದನಂತೆ ಎಂದು ಯಾರೋ ಹೇಳಿದರೆ ‘ಗಾಂಜಾ’ ಎಂದು ಬರೆದಾಯಿತು. ಆಸ್ಪತ್ರೆಯವರು ಅದನ್ನೇ ರಿಜಿಸ್ಟರಿಗೆ ಇಳಿಸಿಕೊಂಡರು. ರಿಜಿಸ್ಟರಿನಿಂದ ವಾರ್ಷಿಕ ವರದಿಗೆ ಹೋಯಿತು. ಅಲ್ಲಿಗೆ ಬರುವಷ್ಟರಲ್ಲಿ ಅಂತೆಕಂತೆ ಹೋಗಿ ಅಂಕಿಅಂಶವಾಗಿತ್ತು.

ಗಾಂಜಾ ಸೇದಿದವರಿಂದಲೇ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ಮಾತು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಮುಟ್ಟಿತು. 1893ರಲ್ಲಿ ಒಂದು ಆಯೋಗವೇ ನೇಮಕವಾಯಿತು. ಅದು ಮಾಡಿದ ಕೆಲಸ ಮೆಚ್ಚುವಂಥದ್ದು. 1892ರಲ್ಲಿ ದಾಖಲಾದವರ ಕಾಗದಗಳನ್ನು ಒಂದೊಂದಾಗಿ ಬಿಚ್ಚಿ, ರೋಗಿಗಳ ಊರುಗಳಲ್ಲಿ, ಬಂಧುಬಳಗದಲ್ಲಿ ಮತ್ತೆ ವಿಚಾರಿಸಿತು. ಗಾಂಜಾ, ಭಂಗಿ, ಚರಸ್ಸಿನ ಲೆಕ್ಕಕ್ಕೆ ಬರೆದಿದ್ದ 222 ಪ್ರಕರಣಗಳಲ್ಲಿ ನಂಟು ನಿಜವೆನಿಸಿದ್ದು 98ರಲ್ಲಿ ಮಾತ್ರ, ಅದರಲ್ಲೂ ಹಲವಕ್ಕೆ ಬೇರೆ ಕಾರಣಗಳೂ ಸೇರಿಕೊಂಡಿದ್ದವು. ಒಂದು ಕಲಂ ತುಂಬುವ ಅವಸರ ಎಂಥ ಕೆಲಸ ಮಾಡಿತ್ತು ನೋಡಿ!

1858ರ ಕಾಯಿದೆಯ ಜಾಗಕ್ಕೆ ಬಂದ 1912ರ ಕಾಯಿದೆಯ ವೈದ್ಯಕೀಯ ಸರ್ಟಿಫಿಕೇಟಿನಲ್ಲಿ ಎರಡು ಭಾಗಗಳಿದ್ದವು. ಹುಚ್ಚಿನ ಲಕ್ಷಣಗಳಲ್ಲಿ ವೈದ್ಯರು ಸ್ವತಃ ಕಂಡದ್ದು ಒಂದು ಕಡೆ. ಬೇರೆಯವರು ಹೇಳಿದ್ದು, ಹೇಳಿದವರು ಯಾರೆಂಬುದರ ಸಮೇತ, ಇನ್ನೊಂದು ಕಡೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆ ಎಳೆದ ಈ ನಮೂನೆ ನನಗೆ ಇಷ್ಟ. ಆದರೆ ಓದುಗರು ಮಾತ್ರ ಮ್ಯಾಜಿಸ್ಟ್ರೇಟರೇ. ರೋಗಿಯ ಮಾತಿಗೆಂದೇ ಅಲ್ಲಿ ಜಾಗವಿರಲಿಲ್ಲ.

ಆ ಜಾಗ ಸಿಕ್ಕಿದ್ದು ಕೇಸ್ ಶೀಟಿನಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಇಂಥ ಸಂಸ್ಥೆಗಳಲ್ಲಿ ಕಲಿಯುವವರಿಗೆ, ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ ಎಂಬುದು ಮೊದಲ ಪಾಠ. ಜೊತೆಗೆ ಬಂದವರು ರೋಗಿಗೆ ಏನಾಗಬೇಕು, ಅವರ ಮಾತನ್ನು ಎಷ್ಟು ನಂಬಬಹುದು ಎಂಬುದನ್ನೂ ಕೇಸ್ ಶೀಟಿನ ಆರಂಭದಲ್ಲೇ ಬರೆಯುತ್ತಾರೆ. ಅತ್ತೆ ಹೇಳುವ ಕಥೆಗೂ ಅಮ್ಮ ಹೇಳುವ ಕಥೆಗೂ ಇರುವ ವ್ಯತ್ಯಾಸ ಗೊತ್ತಿರುವ ಊರಿನಲ್ಲಿ ಇದು ತೀರಾ ಬೇಕಾದ ಟಿಪ್ಪಣಿ.

1987ರ ಕಾಯಿದೆ ಹುಚ್ಚ, ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರುಗಳನ್ನು ತೆಗೆದುಹಾಕಿತು. ಫೈಲು ಮಾತ್ರ ಆಸ್ಪತ್ರೆಯದಾಗಿಯೇ ಇತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 25ನೆಯ ಕಲಂ, ತನ್ನ ದಾಖಲೆಯನ್ನು ನೋಡುವ ಹಕ್ಕನ್ನು ರೋಗಿಗೇ ಕೊಟ್ಟಿತು. ಓದಿದರೆ ರೋಗಿಯ ಮನಸ್ಸಿಗೆ ಗಂಭೀರ ಹಾನಿಯಾದೀತು ಅಥವಾ ಬೇರೆಯವರಿಗೆ ಅಪಾಯವಾದೀತು ಎನ್ನಿಸಿದರೆ ವೈದ್ಯರು ಆ ಭಾಗವನ್ನು ತಡೆಹಿಡಿಯಬಹುದು. ಆದರೆ ಗುಟ್ಟಾಗಿ ಅಲ್ಲ. ಆ ಕಾಯಿದೆಯಡಿ ಇರುವ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಿ ಆ ಪುಟವನ್ನೂ ಕೇಳಬಹುದು ಎಂದು ರೋಗಿಗೆ ಅವರೇ ತಿಳಿಸಬೇಕು.