ಕೆಡದ ‘ಸಿ’ ಜೀವಸತ್ವ ಮತ್ತು ಮುಖದ ಬಂಗು

(ನಂಜನಗೂಡು ತಾಲ್ಲೂಕು ಹೆಡತಲೆಯಲ್ಲಿ ರೈತರು ಹಾಗೂ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಪಾಠ ಹೇಳುವ ನಾನು ಇಂದು ನಿಮ್ಮೆದುರು ಭತ್ತದ ನಾಟಿಯನ್ನೋ ಹಸುರೆಲೆ ಗೊಬ್ಬರವನ್ನೋ ಕುರಿತು ಮಾತನಾಡಬೇಕಾಗಿತ್ತು. ಆದರೆ ಕಳೆದ ಸಲ ಲಕ್ಷ್ಮೀಕಾಂತ ದೇವಾಲಯದ ಈ ಊರಿಗೆ ಬಂದಿದ್ದಾಗ ಗುಂಪಿನ ಸೋದರಿಯರು ಎರಡು ಪ್ರಶ್ನೆ ಕೇಳಿದರು. ‘ಸಿ’ ಜೀವಸತ್ವದ ಮುಲಾಮು ಎಂದು ಅಂಗಡಿಯಲ್ಲಿ ಮಾರುತ್ತಾರಲ್ಲ, ಅದರಿಂದ ಬಂಗು ಹೋಗುತ್ತದೆಯೆ ಎಂಬುದು ಮೊದಲನೆಯದು. ನಮ್ಮ ಬದುವಿನಲ್ಲಿ ನೆಲ್ಲಿ ಮರಗಳಿವೆ, ಸಾಲ ತೆಗೆದು ಯಂತ್ರ ತಂದು ಆ ಮುಲಾಮನ್ನು ನಾವೇ ತಯಾರಿಸಿದರೆ ಹೇಗೆ ಎಂಬುದು ಎರಡನೆಯದು. ಅಂದು ನಾನು ಉತ್ತರ ಹೇಳಲಿಲ್ಲ. ಓದಿಕೊಂಡು ಬರುತ್ತೇನೆ ಎಂದಿದ್ದೆ. ಸಾಲದ ಮಾತು ಬಂದಿರುವುದರಿಂದ ಉತ್ತರವನ್ನು ಇನ್ನೂ ಮುಂದಕ್ಕೆ ಹಾಕುವುದು ಸರಿಯಲ್ಲ.

‘ಸಿ’ ಜೀವಸತ್ವವನ್ನು ನಮ್ಮ ಹಿರಿಯರು ಅನ್ನಾಂಗವೆಂದು ಕರೆಯುತ್ತಿದ್ದರು. ಇದರ ರಾಸಾಯನಿಕ ಹೆಸರು ಆಸ್ಕಾರ್ಬಿಕ್ ಆಮ್ಲ. ಹಂಗೇರಿ ದೇಶದ ವಿಜ್ಞಾನಿ ಸೆಂಟ್ ಗ್ಯೋರ್ಗಿ ಇದನ್ನು 1928ರಲ್ಲಿ ಬೇರ್ಪಡಿಸಿದರು. ಮುಂದೆ 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕಿಲೋಗಟ್ಟಲೆ ‘ಸಿ’ ಅವರಿಗೆ ಸಿಕ್ಕಿದ್ದು ಯಾವುದರಿಂದ ಗೊತ್ತೆ? ನಿಂಬೆಯಿಂದಲ್ಲ, ಅವರ ಊರಿನ ಸುತ್ತ ಬೆಳೆಯುತ್ತಿದ್ದ ಕೆಂಪು ಮೆಣಸಿನಕಾಯಿಯಿಂದ! ನಿಮ್ಮ ಹಸು, ಆಡು, ಕೋಳಿಗಳು ಇದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಆದ್ದರಿಂದಲೇ ದನಕ್ಕೆ ಯಾರೂ ನಿಂಬೆಹಣ್ಣು ತಿನ್ನಿಸುವುದಿಲ್ಲ. ಮನುಷ್ಯನಿಗೆ ಆ ಶಕ್ತಿ ಇಲ್ಲ, ಅವನು ಆಹಾರದಿಂದಲೇ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸಿಗೆ 80, ಹೆಂಗಸಿಗೆ 65 ಮಿಲಿಗ್ರಾಂ ಬೇಕು. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರು ಇದಿಲ್ಲದೆ ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಿಕೆಯನ್ನೂ ಇದು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಮುಲಾಮಿನವರು ಹಿಡಿದುಕೊಂಡಿರುವುದು ಈ ಎರಡು ಗುಣಗಳನ್ನೇ.

ಹಾಗಾದರೆ ತೊಂದರೆ ಏನು? ‘ಸಿ’ ಬಹಳ ಬೇಗ ಕೆಡುವ ವಸ್ತು. ಇದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಕಬ್ಬಿನ ಎಲೆ ಬಿಳಿಚಿಕೊಂಡಾಗ ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಶೇಕಡ 0.5ರ ದ್ರಾವಣ ಮಾಡಿ ಸಿಂಪಡಿಸುತ್ತೀರಿ. ಹೊಸ ಚೀಲ ಬಿಚ್ಚಿದಾಗ ಅದು ತಿಳಿ ಹಸಿರು. ಬಾಯಿ ಕಟ್ಟದೆ ಮಳೆಗಾಲ ಪೂರ್ತಿ ಮೂಲೆಯಲ್ಲಿಟ್ಟರೆ ಮೇಲೆಲ್ಲ ಕಂದು ಹುಡಿ. ಗಾಳಿಯ ಆಮ್ಲಜನಕ ತಗುಲಿ ಕಬ್ಬಿಣದ ರೂಪವೇ ಬದಲಾಗಿ, ಪೈರಿಗೆ ಅದು ಸುಲಭವಾಗಿ ದಕ್ಕದಂತಾಗುತ್ತದೆ. ದ್ರಾವಣಕ್ಕೆ ನಿಂಬೆರಸ ಹಿಂಡಿರೆಂದು ನಾವು ಹೇಳುವುದು ಈ ಕೇಡನ್ನು ತಡೆಯುವುದಕ್ಕೇ. ‘ಸಿ’ ಜೀವಸತ್ವವೂ ಹೀಗೆಯೇ. ಒಣ ಪುಡಿಯಾಗಿ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ನೀರಿಗೆ ಹಾಕಿದಿರೋ, ಗಾಳಿ, ಬೆಳಕು, ಬಿಸಿ, ತಾಮ್ರ ಕಬ್ಬಿಣಗಳ ಲವಲೇಶ ಎಲ್ಲವೂ ಅದನ್ನು ಕೆಡಿಸುತ್ತವೆ. ದ್ರಾವಣ ಮೊದಲು ಹಳದಿ, ಆಮೇಲೆ ಕಂದು. ಅಷ್ಟರಲ್ಲಿ ಕೊಂಡವರ ದುಡ್ಡೂ ಕಂದಾದಂತೆಯೇ.

ಇನ್ನೊಂದು ಅಡ್ಡಿಯೂ ಇದೆ. ಎಲೆಯ ಮೇಲೆ ಮೇಣದ ಪೊರೆ ಇರುವಂತೆ ನಮ್ಮ ಚರ್ಮದ ಮೇಲೂ ಜಿಡ್ಡಿನ ಪೊರೆಯುಂಟು. ಸಿಂಪಡಿಸಿದ್ದೆಲ್ಲ ಎಲೆಯೊಳಕ್ಕೆ ಹೋಗುತ್ತದೆಯೆ? ಅಂಟು ದ್ರಾವಣ ಬೆರೆಸದಿದ್ದರೆ ಹನಿ ಉರುಳಿ ನೆಲಕ್ಕೆ ಬೀಳುತ್ತದೆ. ಅಮೆರಿಕದ ಪಿನ್ನೆಲ್ ಮತ್ತು ಸಂಗಡಿಗರು ಹಂದಿಯ ಚರ್ಮದ ಮೇಲೆ ನಡೆಸಿದ ಪ್ರಯೋಗಗಳನ್ನು 2001ರಲ್ಲಿ ಪ್ರಕಟಿಸಿದರು. ಶುದ್ಧ ‘ಸಿ’ ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ರಸಸಾರ, ಅಂದರೆ ಪಿಎಚ್, 3.5ಕ್ಕಿಂತ ಕೆಳಗಿರಬೇಕು, ಶೇಕಡ 20ಕ್ಕಿಂತ ಹೆಚ್ಚು ಸೇರಿಸಿದರೂ ಪ್ರಯೋಜನವಿಲ್ಲ ಎಂದು ಅವರು ಕಂಡರು. ಅಷ್ಟು ಹುಳಿಯಾದ ದ್ರಾವಣ ಅನೇಕರ ಮುಖಕ್ಕೆ ಉರಿ ಕೊಡುತ್ತದೆ.

ಈ ಕಷ್ಟಕ್ಕೆ ಪರಿಹಾರವಾಗಿ ಬಂದವು ಸ್ಥಿರ ರೂಪಗಳು. ‘ಸಿ’ ಕಣದಲ್ಲಿ ಬೇಗ ಕೆಡುವ ಒಂದು ಜಾಗವಿದೆ. ಆ ಜಾಗಕ್ಕೆ ರಂಜಕವನ್ನೋ ಗ್ಲೂಕೋಸನ್ನೋ ಜೋಡಿಸಿ ಬಾಗಿಲು ಹಾಕುತ್ತಾರೆ. ರಂಜಕ ಸೇರಿಸಿದ್ದು ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್. ಗ್ಲೂಕೋಸು ಸೇರಿಸಿದ್ದು ಆಸ್ಕಾರ್ಬಿಲ್ ಗ್ಲೂಕೋಸೈಡ್. ಈ ಕೊನೆಯದನ್ನು ಜಪಾನಿನ ಒಕಾಯಾಮಾ ನಗರದ ವಿಜ್ಞಾನಿಗಳು 1990ರ ಸುಮಾರಿನಲ್ಲಿ ರೂಪಿಸಿದರು. ಪಿಷ್ಟ ಮತ್ತು ‘ಸಿ’ ಎರಡನ್ನೂ ಬೆರೆಸಿ, ಸೂಕ್ಷ್ಮಜೀವಿಯಿಂದ ಪಡೆದ ಕಿಣ್ವದ ನೆರವಿನಿಂದ ಕೂಡಿಸುತ್ತಾರೆ. ಇದು ನೀರಿನಲ್ಲಿ ಕರಗಿದರೂ ಬೇಗ ಕೆಡುವುದಿಲ್ಲ, ಹುಳಿ ಇಲ್ಲದ ಮುಲಾಮಿನಲ್ಲೂ ಉಳಿಯುತ್ತದೆ. ಮುಖದ ಮೇಲೆ ಹಚ್ಚಿದಾಗ ಚರ್ಮದಲ್ಲಿರುವ ಕಿಣ್ವಗಳು ಬಾಗಿಲು ತೆರೆದು ‘ಸಿ’ಯನ್ನು ನಿಧಾನವಾಗಿ ಬಿಡುಗಡೆ ಮಾಡುತ್ತವೆ. ಯೂರಿಯಾವನ್ನು ನೆನಪಿಗೆ ತಂದುಕೊಳ್ಳಿ. ಮಣ್ಣಿನಲ್ಲಿ ಯೂರಿಯೇಸ್ ಕಿಣ್ವ ಒಡೆದ ಮೇಲಲ್ಲವೆ ಅದು ಅಮೋನಿಯಾ ಆಗುವುದು? ಅದೇ ಬಗೆ.

ಗೊಬ್ಬರದ ಲೆಕ್ಕ ಗೊತ್ತಿರುವವರಿಗೆ ಇನ್ನೊಂದು ಮಾತು. ಯೂರಿಯಾದಲ್ಲಿ ಸಾರಜನಕ ಶೇಕಡ 46, ಅಮೋನಿಯಂ ಸಲ್ಫೇಟಿನಲ್ಲಿ 20.5. ಚೀಲದ ತೂಕವನ್ನು ನೋಡಿ ಕೊಳ್ಳುವವನು ಮೋಸ ಹೋಗುತ್ತಾನೆ. ಆಸ್ಕಾರ್ಬಿಲ್ ಗ್ಲೂಕೋಸೈಡಿನ ತೂಕದಲ್ಲಿ ‘ಸಿ’ ಇರುವುದು ಸುಮಾರು ಅರ್ಧ, ಉಳಿದದ್ದು ಸಕ್ಕರೆ. 30 ಗ್ರಾಂ ಮುಲಾಮಿನಲ್ಲಿ ಅದು ಶೇಕಡ 2ರಷ್ಟಿದ್ದರೆ 600 ಮಿಲಿಗ್ರಾಂ ಆಯಿತು; ನಿಜವಾದ ‘ಸಿ’ 310 ಮಿಲಿಗ್ರಾಮಿನ ಆಸುಪಾಸು. ಒಬ್ಬ ಗಂಡಸಿನ ನಾಲ್ಕು ದಿನದ ಆಹಾರದ ಅಗತ್ಯದಷ್ಟು ಮಾತ್ರ.

ಈಗ ಮೊದಲ ಪ್ರಶ್ನೆ. ಬಂಗು ಹೋಗುತ್ತದೆಯೆ? ಜಪಾನಿನಲ್ಲಿ ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಶೇಕಡ 10ರಷ್ಟಿದ್ದ ಮುಲಾಮನ್ನು ಬಂಗು ಮತ್ತು ವಯಸ್ಸಿನ ಕಲೆಗಳಿದ್ದ 34 ಮಂದಿಗೆ ಹಚ್ಚಿ ನೋಡಿದರು. 19 ಮಂದಿಯಲ್ಲಿ ಕಲೆ ತಿಳಿಯಾಯಿತೆಂದು 1996ರ ವರದಿ ಹೇಳುತ್ತದೆ. ಕಲೆಯಿಲ್ಲದ ಚರ್ಮದ 25 ಮಂದಿಯಲ್ಲಿ ಬಣ್ಣ ತಿಳಿಯಾದದ್ದು ಮೂವರಿಗೆ ಮಾತ್ರ. ಅಂದರೆ ಇದು ‘ಬಿಳಿ ಮಾಡುವ’ ಔಷಧಿಯಲ್ಲ. ಇತ್ತ ಪಿನ್ನೆಲ್ ಅವರ ಹಂದಿ ಚರ್ಮದ ಪ್ರಯೋಗದಲ್ಲಿ ಇದೇ ಫಾಸ್ಫೇಟ್ ಹಚ್ಚಿದರೂ ಚರ್ಮದೊಳಗಿನ ‘ಸಿ’ಯ ಮಟ್ಟ ಏರಲಿಲ್ಲ. ಎರಡನ್ನೂ ಓದಿದ ಮೇಲೆ ನನಗನ್ನಿಸುವುದು ಇಷ್ಟು: ಸ್ಥಿರ ರೂಪದ ‘ಸಿ’ ನಿರುಪದ್ರವಿ, ಕೆಲವರಿಗೆ ನಿಧಾನವಾಗಿ ಸ್ವಲ್ಪ ಗುಣ ಕೊಡಬಲ್ಲದು. ಬಿಸಿಲಿಗೆ ತಡೆ ಇಲ್ಲದೆ ಬರೀ ಅದನ್ನೇ ಹಚ್ಚುವುದು ಕಳೆ ಕೀಳದೆ ಗೊಬ್ಬರ ಹಾಕಿದಂತೆ. ಬಂಗು ಬರುವುದಕ್ಕೆ ಬಸಿರು, ಕೆಲವು ಮಾತ್ರೆಗಳು, ಮನೆತನ ಎಲ್ಲವೂ ಕಾರಣವೇ. ಅದನ್ನು ಕೆರಳಿಸುವುದು ಮಾತ್ರ ಬಿಸಿಲು. ನಾಟಿ, ಕಳೆ ಕೆಲಸವನ್ನು ಬೆಳಗಿನ ಹೊತ್ತಿಗೆ ಹೊಂದಿಸಿಕೊಳ್ಳುವುದು, ಅಗಲ ಅಂಚಿನ ಟೋಪಿ, ಮುಖಕ್ಕೆ ಬರುವಂತೆ ಎಳೆದ ಸೆರಗು, ಬಿಸಿಲು ತಡೆಯುವ ಲೇಪನ, ಇವು ಮೊದಲು.

ಇಲ್ಲಿ ನನ್ನದೇ ಕತೆ ಹೇಳಬೇಕು. 15 ವರ್ಷಗಳ ಹಿಂದೆ ಮೊದಲ ಹೆರಿಗೆಯಾದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ನಮ್ಮ ತಾಯಿ ನಿಂಬೆರಸ ಹಚ್ಚಿದರು. ನಾನು ಅದನ್ನು ಸರಿಯಾಗಿ ತೊಳೆಯದೆ ಪ್ರಯೋಗ ತಾಕಿನ ಅಳತೆಗೆ ಹೋದೆ. ಮಾರನೆಯ ದಿನ ಉರಿ, ಅದರ ಮಾರನೆಯ ದಿನ ಬೊಬ್ಬೆ. ನಿಂಬೆಯಲ್ಲಿರುವ ಒಂದು ಬಗೆಯ ವಸ್ತು ಬಿಸಿಲು ಸೇರಿದಾಗ ಚರ್ಮವನ್ನು ಸುಡುತ್ತದೆಂಬುದು ಡಾಕ್ಟರೇಟ್ ಪಡೆದಿದ್ದ ನನಗೆ ಗೊತ್ತಿರಲಿಲ್ಲ! ಬೊಬ್ಬೆ ಒಣಗಿದ ಜಾಗ ಮೊದಲಿಗಿಂತ ಕಪ್ಪಾಯಿತು. ಆಗ ಒಂದು ಅಂಗಡಿಯವರು ಯಾವ ಚೀಟಿಯನ್ನೂ ಕೇಳದೆ ಒಂದು ಕೊಳವೆ ಮುಲಾಮು ಕೊಟ್ಟರು. ವಾರದಲ್ಲಿ ಮುಖ ತಿಳಿಯಾಯಿತು. ನೆರೆಹೊರೆಯ ಇಬ್ಬರಿಗೂ ನಾನೇ ಅದನ್ನು ಹೇಳಿದೆ. ಮೂರು ತಿಂಗಳ ಮೇಲೆ ನಿಲ್ಲಿಸಿದಾಗ ಮುಖವೆಲ್ಲ ಕೆಂಪು, ತುರಿ, ತೆಳುವಾದ ಚರ್ಮದಡಿ ನರಗಳು ಕಾಣುತ್ತಿದ್ದವು. ಅದು ಸ್ಟೀರಾಯ್ಡ್ ಮುಲಾಮು ಎಂದು ಚರ್ಮವೈದ್ಯರು ತಿಳಿಸಿದರು. ಸರಿಹೋಗಲು ವರ್ಷ ಹಿಡಿಯಿತು. ಆ ನೆರೆಯವರಿಬ್ಬರಲ್ಲಿ ಒಬ್ಬರು ಇಂದಿಗೂ ಬಿಸಿಲಿಗೆ ಬಂದರೆ ಮುಖ ಉರಿಯುತ್ತದೆನ್ನುತ್ತಾರೆ. ಅವರನ್ನು ಕಂಡಾಗ ನನಗೆ ಮಾತು ಹೊರಡುವುದಿಲ್ಲ.

ಆದ್ದರಿಂದ ಕೊಳವೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ನಿಮಗೆ ಬಾರದಿದ್ದರೆ ಮಕ್ಕಳಿಂದ ಓದಿಸಿ. ಬೆಟಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಇಂತಹ ಹಲವು ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ಒಮ್ಮೆಲೇ ಬಿಡದೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಳ್ಳುವುದು ಒಳ್ಳೆಯದು. ತಯಾರಕರ ಹೆಸರು, ವಿಳಾಸವಿಲ್ಲದ ‘ಬಿಳುಪು’ ಮುಲಾಮುಗಳಲ್ಲಿ ಪಾದರಸವೂ ಇರುವುದುಂಟು, ಅದು ಮೂತ್ರಪಿಂಡಕ್ಕೆ ವಿಷ. ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಯೊಡನೆ ಕಪ್ಪಾಗಿದ್ದರೆ ಅದು ಬಂಗು ಅಲ್ಲದೆಯೂ ಇರಬಹುದು. ಬದುವಿನ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಹೀಗೆ ಮಾಡುತ್ತದೆ. ಅದಕ್ಕೆ ಯಾವ ‘ಸಿ’ಯೂ ಮದ್ದಲ್ಲ. ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಗಿಡವನ್ನು ಬೇರು ಸಹಿತ ಕಿತ್ತುಹಾಕಬೇಕು. ಈಗಾಗಲೇ ತುರಿ ಇರುವವರು ಆ ಕೆಲಸಕ್ಕೆ ಇಳಿಯಲೇಬಾರದು.

ಎರಡನೆಯ ಪ್ರಶ್ನೆ ನೆಲ್ಲಿಕಾಯಿಯದು. ನೇರವಾಗಿ ಹೇಳುತ್ತೇನೆ, ಮುಲಾಮಿನ ಯಂತ್ರಕ್ಕೆ ಸಾಲ ಮಾಡಬೇಡಿ. ಸ್ಥಿರ ‘ಸಿ’ಯನ್ನು ನೆಲ್ಲಿಯಿಂದ ಮಾಡುವುದೇ ಇಲ್ಲ. ಕಾರ್ಖಾನೆಯ ‘ಸಿ’ ಬರುವುದು ಮುಖ್ಯವಾಗಿ ಮುಸುಕಿನ ಜೋಳದಂತಹ ಬೆಳೆಯ ಪಿಷ್ಟದಿಂದ ತೆಗೆದ ಗ್ಲೂಕೋಸಿನಿಂದ. 1933ರಲ್ಲಿ ರೈಕ್‌ಸ್ಟೈನ್ ತೋರಿಸಿದ ದಾರಿಯನ್ನೇ ಸುಧಾರಿಸಿಕೊಂಡು ಭಾರಿ ಕಾರ್ಖಾನೆಗಳು ಅದನ್ನು ಮಾಡುತ್ತವೆ. ಅವರೊಡನೆ ನಾವು ಪೈಪೋಟಿ ನಡೆಸಲಾರೆವು. ನೆಲ್ಲಿಯ ರಸವನ್ನು ಮುಲಾಮಿಗೆ ಬೆರೆಸಿದರೆ ಕೆಲವೇ ದಿನದಲ್ಲಿ ಕಂದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಬಾಣಲೆ ಮುಟ್ಟಿದರೆ ಮಸಿಯಂತೆ ಕಪ್ಪು. ಅಲ್ಲದೆ ಮಾರಾಟಕ್ಕೆ ಸೌಂದರ್ಯ ಸಾಧನ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆ, 2020ರ ನಿಯಮಗಳಂತೆ ಪರವಾನಗಿ ಬೇಕೇ ಬೇಕು.

ನೆಲ್ಲಿಯ ‘ಸಿ’ಯ ಲೆಕ್ಕವನ್ನೂ ಸರಿಪಡಿಸಿಕೊಳ್ಳಬೇಕಾಗಿದೆ. ನಾವು ವಿದ್ಯಾರ್ಥಿಗಳಾಗಿದ್ದಾಗ 100 ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ಎಂದು ಬಾಯಿಪಾಠ ಮಾಡಿದ್ದೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ನೆಲ್ಲಿಯಲ್ಲಿರುವ ಗ್ಯಾಲಿಕ್ ಜಾತಿಯ ಬೇರೆ ವಸ್ತುಗಳು ಪರೀಕ್ಷೆಯಲ್ಲಿ ‘ಸಿ’ಯೊಡನೆ ಸೇರಿಬಂದು ಲೆಕ್ಕ ಹೆಚ್ಚಿಸುತ್ತವೆಂದು ಬೆಂಗಳೂರಿನ ಸಾಮಿ ಲ್ಯಾಬ್ಸಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಇದರಿಂದ ನೆಲ್ಲಿಯ ಮಾನವೇನೂ ಹೋಗಲಿಲ್ಲ. ಒಂದು ದೊಡ್ಡ ಕಾಯಿ ತಿಂದರೆ ಇಂದಿಗೂ ಒಂದು ದಿನದ ಅಗತ್ಯ ಹೆಚ್ಚು ಕಡಿಮೆ ಪೂರೈಸುತ್ತದೆ. ಹಿತ್ತಲಿನ ಸೀಬೆಹಣ್ಣು ಅದಕ್ಕೆ ಬಹಳ ಹಿಂದೆ ಬಿದ್ದಿಲ್ಲ.

ಹಾಗೆಂದು ನಮ್ಮ ಸೀಮೆಯಲ್ಲಿ ಇಂತಹ ಉದ್ಯಮ ಆಗದೆಂದಲ್ಲ. ಪಕ್ಕದ ನಂಜನಗೂಡಿನಲ್ಲೇ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಭತ್ತದ ಹೊಟ್ಟನ್ನು ಸುಟ್ಟು ಮಾಡಿದ ಅವರ ಹಲ್ಲುಪುಡಿ ನಾಡಿನ ತುಂಬ ಹೆಸರಾಯಿತು. ಅದು ಒಣ ಪದಾರ್ಥ ಎಂಬುದನ್ನು ಗಮನಿಸಿ. ಕೆಡುವುದಕ್ಕೆ ಅದರಲ್ಲಿ ನೀರೇ ಇಲ್ಲ. ನಿಮ್ಮ ಗುಂಪಿಗೂ ನಾನು ಸೂಚಿಸುವುದು ಒಣ ಪದಾರ್ಥವನ್ನೇ. ನೆಲ್ಲಿಯನ್ನು ಸ್ಟೀಲ್ ಪಾತ್ರೆಯಲ್ಲಿ ಹಬೆಗೆ ಹಿಡಿದು, ಬೀಜ ತೆಗೆದು, ನೇರ ಬಿಸಿಲಿಗಲ್ಲದೆ ನೆರಳಿನ ಒಣಗಿಸುವ ಪೆಟ್ಟಿಗೆಯಲ್ಲಿ ಒಣಗಿಸಿ ಗಾಳಿಯಾಡದ ಚೀಲದಲ್ಲಿ ತುಂಬಬೇಕು. ಒಣಗಿಸುವಾಗ ‘ಸಿ’ಯ ಒಂದು ಪಾಲು ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಿ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಂಡು, ಮೊದಲ ವರ್ಷ ಸಾಲವಿಲ್ಲದೆ ಎರಡು ಮರದ ಕಾಯಿಯಲ್ಲಿ ನಡೆಸಿ ನೋಡಿ.

ಹಿಂದೆ ಕುಳಿತಿರುವ ಮೀನು ಸಾಕಣೆಯವರು ಇದರಿಂದ ನಮಗೇನು ಎನ್ನುತ್ತಿದ್ದಾರೆ. ನಿಮಗೇ ಇದು ಹೆಚ್ಚು ಬೇಕು! ಮನುಷ್ಯನಂತೆ ಹೆಚ್ಚಿನ ಮೀನುಗಳಿಗೂ ‘ಸಿ’ ತಯಾರಿಸುವ ಶಕ್ತಿ ಇಲ್ಲ. ಅದು ಕೊರತೆಯಾದರೆ ಮರಿಗಳ ಬೆನ್ನುಮೂಳೆ ಡೊಂಕಾಗುತ್ತದೆ. ಸಾದಾ ‘ಸಿ’ ಗುಳಿಗೆ ಆಹಾರ ತಯಾರಿಸುವ ಬಿಸಿಯಲ್ಲಿ ಅರ್ಧ ಹಾಳು, ಕೊಳದ ನೀರಿನಲ್ಲಿ ಇನ್ನರ್ಧ ಕರಗಿ ಹೋಗುತ್ತದೆ. ಆದ್ದರಿಂದ ಅಲ್ಲಿ ಬಳಸುವುದು ಇದೇ ಆಸ್ಕಾರ್ಬಿಲ್ ಫಾಸ್ಫೇಟನ್ನು. ಆಹಾರದ ಚೀಲ ಕೊಳ್ಳುವಾಗ ಈ ಹೆಸರು ಇದೆಯೆ, ತಯಾರಾದ ತಿಂಗಳು ಯಾವುದು ಎಂದು ನೋಡಿ, ಚೀಲವನ್ನು ಮರದ ಹಲಗೆಯ ಮೇಲೆ ನೆರಳಿನಲ್ಲಿಡಿ. ಬಂದಿರುವ ಚೀಲದಲ್ಲಿ ಯಾವುದಿದೆ ಎಂಬ ಅನುಮಾನವಿದ್ದರೆ ಅದರ ಚೀಟಿಯನ್ನು ತನ್ನಿ, ಊಟದ ನಂತರ ಒಟ್ಟಿಗೆ ಕುಳಿತು ಓದೋಣ.